ಮದುವೆಗೊಂದು ಹಳೆಯ ಮನೆ

ಮೈಸೂರಿನ ಹಿಂದಿನ ಅರಮನೆ ಮರದ್ದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ನಡೆಯುತ್ತಿದ್ದ ದಿನಗಳಲ್ಲೇ ಅದಕ್ಕೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹುಡುಗ. ರಾಜಪ್ರತಿನಿಧಿಯಾಗಿದ್ದ ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. 1912ರಲ್ಲಿ ಅದು ಮುಗಿಯಿತು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಮದುವೆಯ ಹೊತ್ತಲ್ಲಿ ಉರಿದುಹೋದ ಅರಮನೆಯ ಜಾಗದಲ್ಲಿ ಎದ್ದ ಈ ಅರಮನೆಯೊಳಗೆ ಮದುವೆಗೆಂದೇ ಎಂಟು ಮೂಲೆಯ ಒಂದು ಮಂಟಪ ಇದೆ. ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು, ತಲೆಯ ಮೇಲೆ ನವಿಲು ಬಿಡಿಸಿದ ಬಣ್ಣದ ಗಾಜು, ಕಾಲಡಿಯ ಬಿಲ್ಲೆಗಳಲ್ಲೂ ನವಿಲೇ. 2016ರ ಜೂನ್‌ನಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಮದುವೆ ನಡೆದದ್ದೂ ಈ ಕಲ್ಯಾಣಮಂಟಪದಲ್ಲೇ.

ಮಗಳ ಮದುವೆಯನ್ನೋ ಮಗನ ಮದುವೆಯನ್ನೋ ಹಳೆಯ ಮನೆಯಲ್ಲಿ ಮಾಡಬೇಕೆಂದಿದ್ದೇವೆ ಅಂತ ಯಾರಾದರೂ ಹೇಳಿದಾಗ ನನಗೆ ಖುಷಿಯಾಗುತ್ತದೆ. ಅದರ ಬೆನ್ನಿಗೇ ಈ ಬೆಂಕಿಯೂ ನೆನಪಾಗುತ್ತದೆ. ಹಳೆಯ ಮನೆಗೆ ಮದುವೆ ಹೊಸದಲ್ಲ, ಅದು ಹುಟ್ಟಿದ್ದೇ ಇಂಥ ಕಾರ್ಯಗಳಿಗಾಗಿ. ಆದರೆ ಅದಕ್ಕೊಂದು ಮೈಕಟ್ಟಿದೆ, ವಯಸ್ಸಿದೆ. ಅದನ್ನು ತಿಳಿಯದೆ ಮುಹೂರ್ತ ಇಡಿಸಬಾರದು.

ಈಗ ಅಂಥ ಜಾಗಗಳಿಗೆ ಬರವಿಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಲಗ್ನದ ತಿಂಗಳುಗಳಲ್ಲಿ ಸಾಲುಸಾಲಾಗಿ ಮದುವೆಗಳು. ನಾಲ್ವಡಿಯವರ ಕಾಲದಲ್ಲಿ ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ ಕಟ್ಟಿದ ಮೈಸೂರಿನ ಲಲಿತ ಮಹಲ್ 1974ರಿಂದ ಹೋಟೆಲು. ಬೆಂಕಿಯ ವರ್ಷ ಮದುವೆಯಾದ ಜಯಲಕ್ಷ್ಮಮ್ಮಣ್ಣಿಯವರಿಗೂ ಕಾಂತರಾಜ ಅರಸರಿಗೂ 1905ರಲ್ಲಿ ಕುಕ್ಕರಹಳ್ಳಿ ಕೆರೆಯ ಆಚೆ ಎದ್ದ ಜಯಲಕ್ಷ್ಮಿ ವಿಲಾಸ ಈಗ ಮೈಸೂರು ವಿಶ್ವವಿದ್ಯಾನಿಲಯದ್ದು. ಅದರ ಒಳಗೂ ಒಂದು ಕಲ್ಯಾಣಮಂಟಪ ಇದೆ. ಮನೆ ಕಟ್ಟುವಾಗಲೇ ಮುಂದಿನ ಮದುವೆಗಳಿಗೆ ಜಾಗ ತೆಗೆದಿಡುತ್ತಿದ್ದ ಕಾಲ ಅದು.

ಅರಮನೆಯ ಮಾತು ಸಾಕು. ನನ್ನ ಮನಸ್ಸಿರುವುದು ಅದಕ್ಕಿಂತ ಚಿಕ್ಕ ಮನೆಗಳ ಮೇಲೆ: ಮಲೆನಾಡಿನ ತೊಟ್ಟಿಮನೆ, ತುಳುನಾಡಿನ ಗುತ್ತಿನ ಮನೆ, ಬಯಲುಸೀಮೆಯ ದೇಸಗತಿ ವಾಡೆ, ಕೊಡಗಿನ ಐನ್‌ಮನೆ. ಜಾಗ ಹುಡುಕಲು ಹೊರಟವರಿಗೆ ನಾನು ಮೊದಲು ಕೇಳುವುದು, ನಿಮ್ಮ ಅಜ್ಜನ ಕಡೆಯದೋ ಅಜ್ಜಿಯ ತವರಿನದೋ ಮನೆ ಇನ್ನೂ ನಿಂತಿದೆಯೇ ಎಂದು. ಎಷ್ಟೋ ಕುಟುಂಬಗಳಲ್ಲಿ ಅದು ನಿಂತಿರುತ್ತದೆ. ಪಾಲಾಗದೆ, ಮಾರಾಟವಾಗದೆ, ದೀಪ ಹಚ್ಚಲು ಒಬ್ಬರು ಉಳಿದುಕೊಂಡು. ಕೊಡವರ ಮದುವೆಗಳು ಈಗ ಹೆಚ್ಚಾಗಿ ಕೊಡವ ಸಮಾಜದ ಸಭಾಂಗಣಗಳಲ್ಲಿ ನಡೆಯುತ್ತವೆ, ನೆಂಟರಿಗೂ ವಾಹನಗಳಿಗೂ ಅದೇ ಅನುಕೂಲ. ಆದರೂ ಒಕ್ಕದ, ಅಂದರೆ ಮನೆತನದ, ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪದ ಕೆಳಗೆ ಕೈಮುಗಿದ ಮದುಮಕ್ಕಳ ಮುಖದಲ್ಲಿ ಇರುವ ಕಳೆ ಬಾಡಿಗೆಯ ಜಾಗದಲ್ಲಿ ಬರುವುದಿಲ್ಲ. ಯಾರದ್ದೋ ಬಂಗಲೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದು ಒಂದು, ನಮ್ಮ ಹಿರಿಯರು ಹಸೆಮಣೆ ಏರಿದ ಜಗಲಿಯಲ್ಲಿ ಕೂರುವುದು ಇನ್ನೊಂದು.

ಸಾಗರ ಸೀಮೆಯ ಒಂದು ತೊಟ್ಟಿಮನೆಯ ಮದುವೆಗೆ ಹೋಗಿದ್ದೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕೂ ಕಡೆ ಜಗಲಿ, ಕೈಗೆ ತಣ್ಣಗೆ ತಾಕುವ ಹಲಸಿನ ಮರದ ಕಂಬಗಳು. ಕಂಬದ ನಡು ಭಾಗ, ತಲೆಮಾರುಗಳಿಂದ ಜನ ಒರಗಿ ಕೂತದ್ದರಿಂದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಪೂರ್ವದ ಜಗಲಿಯಲ್ಲಿ ಧಾರೆ, ಉಳಿದ ಮೂರು ಕಡೆ ನೆಂಟರು. ಎಲ್ಲಿ ಕೂತರೂ ಮದುಮಕ್ಕಳು ಕಾಣುತ್ತಿದ್ದರು, ಮಂತ್ರ ಕೇಳುತ್ತಿತ್ತು, ಮೈಕು ಬೇಕಾಗಲಿಲ್ಲ. ಫೋಟೊ ತೆಗೆಯುವ ಹುಡುಗ ದೊಡ್ಡ ದೀಪಗಳನ್ನು ನಿಲ್ಲಿಸಿದ್ದ. ತೊಟ್ಟಿಯ ಮೇಲಿಂದ ಇಳಿದ ಬೆಳಕು ಹುಡುಗಿಯ ಮುಖದ ಮೇಲೆ ಬಿದ್ದದ್ದೇ ತಾನಾಗಿ ಅವನ್ನು ಆರಿಸಿದ. ಹಿಂದಿನ ಸಂಜೆ ಹೂವಿನ ಅಲಂಕಾರದವರು ಸುತ್ತಿಗೆ ತೆಗೆದಾಗ ಮನೆಯ ಅಜ್ಜಿ ಒಳಗಿನಿಂದ ಬಂದು, "ಅಪ್ಪಾ, ಆ ಕಂಬಕ್ಕೆ ಮೊಳೆ ಹೊಡೀಬೇಡ್ರೋ. ಬಾಳೆಪಟ್ಟೆ ಕೊಡ್ತೀನಿ, ಸುತ್ತಿ ಕಟ್ಟಿ. ಮೊಳೆ ಹೋದ ದಾರೀಲಿ ಗೆದ್ದಲು ಬರ್ತದೆ" ಅಂದರು. ಹುಡುಗರು ಮಾತಾಡದೆ ಸುತ್ತಿಗೆ ಚೀಲಕ್ಕೆ ಹಾಕಿದರು. ಮಾವಿನ ತೋರಣ, ಅಡಕೆ ಹಿಂಗಾರ, ಬಾಳೆಕಂಬ ಎಲ್ಲವೂ ಬಾಳೆಪಟ್ಟೆಯ ಗಂಟಿನಲ್ಲೇ ನಿಂತವು.

ಅದೇ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆಂದು ಗೋಡೆಯನ್ನೇ ಸಿದ್ಧ ಮಾಡುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿನಾರಿನ ಕುಂಚ ಹಿಡಿದು ಹೆಂಗಸರು ಗೆರೆಗೆರೆಯಾಗಿ ಹಸೆ ಚಿತ್ತಾರ ಬರೆಯುತ್ತಾರೆ, ಅದರ ಮುಂದೆ ಮದುಮಕ್ಕಳು ಕೂರುತ್ತಾರೆ. ಇದನ್ನು ನೋಡಿದ ಮೇಲೆ ಅಲಂಕಾರ ಎಂದರೆ ಹೊರಗಿನಿಂದ ಲಾರಿಯಲ್ಲಿ ತಂದು ನಿಲ್ಲಿಸುವ ಥರ್ಮೋಕೋಲಿನ ಗೋಪುರ ಎಂಬುದನ್ನು ನಾನು ಒಪ್ಪಲಾರೆ.

ಎಲ್ಲರೂ ಕೇಳುವ ಪ್ರಶ್ನೆ, ಇಷ್ಟು ಜನ ಅಲ್ಲಿ ಹಿಡಿಸುತ್ತಾರಾ? ಹಿಡಿಸುವುದಿಲ್ಲ. ಹಿಂದೆಯೂ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಮದುವೆ ಐದು ದಿನ ನಡೆಯುತ್ತಿತ್ತು. ಒಬ್ಬರು ದೇವರ ಸಮಾರಾಧನೆಗೆ ಬಂದರೆ ಇನ್ನೊಬ್ಬರು ಧಾರೆಗೆ, ಮತ್ತೊಬ್ಬರು ನಾಗವಲ್ಲಿಗೆ. ಊರೆಲ್ಲ ಉಂಡರೂ ಪಂಕ್ತಿಯ ಮೇಲೆ ಪಂಕ್ತಿ, ದಿನದ ಮೇಲೆ ದಿನ. ಆ ಮನೆಗಳ ಅಳತೆ ಅಂಥ ಸಾವಕಾಶಕ್ಕೆ ಹೊಂದಿದ್ದು. ಈಗ ಸಾವಿರ ಜನ ಹನ್ನೊಂದರಿಂದ ಎರಡರೊಳಗೆ ಬಂದು, ವೇದಿಕೆ ಹತ್ತಿ, ಉಂಡು ಹೋಗಬೇಕು. ಆ ನೂಕುನುಗ್ಗಲಿಗೆ ಛತ್ರವೇ ಸರಿ, ಅದನ್ನು ಕಟ್ಟಿದ್ದೇ ಅದಕ್ಕಾಗಿ. ಹಳೆಯ ಮನೆ ಬೇಕೆಂದವರು ಜಾಗ ದೊಡ್ಡದು ಮಾಡಲು ಹೋಗಬಾರದು, ಮದುವೆಯ ಹೊತ್ತನ್ನು ಹಿಗ್ಗಿಸಬೇಕು. ಎರಡು ದಿನ ಮನೆಯಲ್ಲಿ: ಮೊದಲ ದಿನ ನಾಂದಿ, ವರಪೂಜೆ, ಮರುದಿನ ಧಾರೆ, ಹತ್ತಿರದವರಷ್ಟೇ. ಆರತಕ್ಷತೆಯನ್ನು ಬೇರೊಂದು ದಿನ ಪೇಟೆಯ ಸಭಾಂಗಣದಲ್ಲಿ ಇಟ್ಟುಕೊಂಡು ಬೇಕಾದಷ್ಟು ಜನರನ್ನು ಕರೆಯಲಿ. ಕಚೇರಿಯವರನ್ನು ಕರೆಯದಿದ್ದರೆ ಹೇಗೆ, ಬಡಾವಣೆಯವರನ್ನು ಬಿಟ್ಟರೆ ಹೇಗೆ ಎಂದು ಹಿರಿಯರು ಕೊರಗುತ್ತಾರೆ. ಆ ಕೊರಗು ನಿಜವಾದದ್ದೇ, ಉಂಡ ಋಣ ತೀರಿಸಬೇಕೆನ್ನುವವರ ಮನಸ್ಸು ಅದು. ಅದಕ್ಕಾಗಿಯೇ ಆರತಕ್ಷತೆಯನ್ನು ಕೈಬಿಡಬಾರದು.

ಇನ್ನು ಬೆಂಕಿ. ಹಳೆಯ ಮನೆಯ ತೊಲೆ, ಜಂತೆ, ಅಟ್ಟದ ಹಲಗೆ ಎಲ್ಲ ನೂರಾರು ಬೇಸಿಗೆ ಒಣಗಿದ ಮರ. ಹೋಮ ತೊಟ್ಟಿಯ ಬಯಲಲ್ಲೇ ಆಗಬೇಕು, ಕುಂಡದ ಕೆಳಗೆ ಇಟ್ಟಿಗೆ ಹಾಸಿ ದಪ್ಪಗೆ ಮರಳು ಹರಡಬೇಕು. ಬಿಸಿಲಿಗೆಂದು ಮೇಲೆ ಸೋಗೆ ಹೊದೆಸಿದ್ದರೆ ಕುಂಡದ ನೇರಕ್ಕೆ ಬಿಚ್ಚಿಡಬೇಕು. ಅಡುಗೆ ಒಳಗೆ ಬೇಡವೇ ಬೇಡ. ಹಿತ್ತಿಲಲ್ಲಿ, ಮಾಡಿನಿಂದ ದೂರ, ತಗಡಿನ ಚಪ್ಪರದ ಕೆಳಗೆ ಕೋಡೊಲೆ ತೋಡಿಕೊಟ್ಟರೆ ಅಡುಗೆ ಭಟ್ಟರೂ ಸುಖವಾಗಿರುತ್ತಾರೆ. ಒಲೆಗಿಂತ ನನಗೆ ಹೆದರಿಕೆ ಕರೆಂಟಿನದು. ಒಂದೆರಡು ಬಲ್ಬು, ಒಂದು ರೇಡಿಯೊಗೆಂದು ಎಂದೋ ಎಳೆಸಿದ ವೈರಿಗೆ ಸರಮಾಲೆ ದೀಪ, ಫ್ಯಾನು, ಗ್ರೈಂಡರು ಎಲ್ಲ ಜೋತುಬಿದ್ದರೆ ಅದು ಅಟ್ಟದ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬಿಸಿಯಾಗುತ್ತದೆ. ಮನೆಯ ಮೀಟರನ್ನು ಮುಟ್ಟದೆ ಜನರೇಟರ್ ತರಿಸಿ, ಅದರ ವೈರು ಹೊರಗಿನಿಂದಲೇ ಎಳೆಸಬೇಕು.

ಅಟ್ಟದ ಮೇಲೆ ನೆಂಟರನ್ನು ಗುಂಪಾಗಿ ಮಲಗಿಸುವ ಮೊದಲು ಗೊತ್ತಿರುವ ಬಡಗಿಗೆ ತೊಲೆ ತೋರಿಸಬೇಕು. ಎತ್ತರದ ಹೊಸಿಲು, ತಗ್ಗಿನ ಬಾಗಿಲವಾಡ, ಏಣಿಯಂಥ ಮೆಟ್ಟಿಲು ವಯಸ್ಸಾದವರಿಗೆ ಕಷ್ಟ. ಅವರಿಗೆ ಕೆಳಗೇ ಒಂದು ಕೋಣೆ ಬಿಡಿಸಿಕೊಡಬೇಕು. ಶೌಚಾಲಯ ಹೊರಗೆ ಒಂದೋ ಎರಡೋ ಇರುತ್ತವೆ, ಸಾಲದ್ದನ್ನು ತಾತ್ಕಾಲಿಕವಾಗಿ ಹಾಕಿಸಲೇಬೇಕು. ಸಂಕೋಚದಿಂದ ಯಾರೂ ಆಡದ ಮಾತು ಇದು, ಹೆಂಗಸರು ದಿನವಿಡೀ ನೀರು ಕುಡಿಯದೆ ಕೂತಿರುವುದನ್ನು ನಾನು ನೋಡಿದ್ದೇನೆ. ವೈಶಾಖದಲ್ಲಿಟ್ಟುಕೊಂಡರೆ ಮಲೆನಾಡಿನಲ್ಲಿ ಒಂದು ಸಂಜೆಮಳೆ ಬಂದೀತು. ತೊಟ್ಟಿಗೆ ನಾಲ್ಕು ಕಡೆಯಿಂದ ಸುರಿಯುವ ನೀರು ಹೊರಹೋಗಲು ಕಲ್ಲಿನ ದೋಣಿ ಇದೆ. ಅದರ ಬಾಯಿಗೆ ಕಸ ಕಟ್ಟಿಲ್ಲವೆಂದು ಹಿಂದಿನ ವಾರವೇ ನೋಡಿಕೊಂಡರೆ ಸಾಕು.

ಸುಣ್ಣದ ಗಾರೆಯ ಗೋಡೆ ಸಿಮೆಂಟಿನಂತಲ್ಲ. ಅಂಟುಪಟ್ಟಿ ಕಿತ್ತರೆ ಸುಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಡಿ.ಜೆ.ಯ ಸದ್ದಿಗೆ ಹೆಂಚು ಸಡಿಲವಾಗುತ್ತದೆ, ಸಡಿಲವಾದ ಒಂದು ಹೆಂಚಿನಿಂದ ಸೋರಿದ ನೀರು ಎರಡು ಮಳೆಗಾಲದಲ್ಲಿ ಜಂತೆಯನ್ನು ಕೊಳೆಸುತ್ತದೆ. ನಾದಸ್ವರ, ಡೋಲು ಬಾರಿಸಲಿ. ಅದಕ್ಕೆ ಆ ಮನೆ ಒಗ್ಗಿಕೊಂಡಿದೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದರೆ, ಈ ಮನೆಗಳು ಜನ ಓಡಾಡದಿದ್ದರೆ ಉಳಿಯುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನೆಲಸಮವಾಗಲಿದ್ದ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ, ಆದರೆ ಎಲ್ಲ ಮನೆಗೂ ಅಂಥವರು ಸಿಗುವುದಿಲ್ಲ. ಮುಚ್ಚಿಟ್ಟ ಮನೆಗೆ ಮೊದಲು ಬಾವಲಿ, ಆಮೇಲೆ ಗೆದ್ದಲು, ಕೊನೆಗೆ ಹಳೇ ಮರದ ವ್ಯಾಪಾರಿ. ವರ್ಷಕ್ಕೊಂದು ಮದುವೆ ನಡೆದರೂ ಬಾಗಿಲು ತೆರೆಯುತ್ತದೆ, ತೊಟ್ಟಿಯಲ್ಲಿ ಹೋಮದ ಹೊಗೆಯೇಳುತ್ತದೆ, ಹೊಗೆಯಾಡಿದ ಮರಕ್ಕೆ ಹುಳು ಕಡಿಮೆ. ಆದ್ದರಿಂದ ಮನೆಯವರ ಜೊತೆ ಮಾತಾಡುವಾಗ ಬಾಡಿಗೆಯಲ್ಲಿ ಚೌಕಾಸಿ ಮಾಡಬೇಡಿ. ಸ್ವಂತ ದಾಯಾದಿಗಳ ಮನೆಯಾದರೂ ಬರಿಗೈಯಲ್ಲಿ ಹೋಗಬೇಡಿ. ಛತ್ರಕ್ಕೂ ಲೈಟಿಂಗಿಗೂ ಕೊಡಬೇಕಿದ್ದ ಹಣದಲ್ಲಿ ಒಂದು ಪಾಲನ್ನು ಮಾಡಿನ ಕೆಲಸಕ್ಕೆ ಎಂದು ಹೇಳಿಯೇ ಕೊಡಿ. ಅದನ್ನು ಮದುವೆಗೆ ಮೊದಲೇ ಕೊಟ್ಟರೆ ಇನ್ನೂ ಒಳ್ಳೆಯದು, ಮಳೆ ಹಿಡಿಯುವುದರೊಳಗೆ ಹೆಂಚು ಕೈಯಾಡಿಸಲು ಆಳು ಸಿಗುತ್ತಾರೆ.