ಏನೂ ನಡೆಯದ ಶಾಲೆಯ ಕಥೆಗಳು

ಜಪಾನಿನವರ ಚಿತ್ರಕಥೆಗಳಿಗೆ ಮಾಂಗಾ ಎಂದು ಹೆಸರು. ಮಾಂಗಾ ಎಂದೊಡನೆ ಕತ್ತಿವರಸೆ, ರಾಕ್ಷಸರು, ಆಕಾಶಕ್ಕೆ ಹಾರುವ ಯಂತ್ರಮಾನವರು ಕಣ್ಣೆದುರು ಬರುವುದುಂಟು. ಆದರೆ ಅದರಲ್ಲೇ ಇನ್ನೊಂದು ಬಗೆಯಿದೆ. ಅಲ್ಲಿ ಯಾರೂ ಯಾರನ್ನೂ ಗೆಲ್ಲುವುದಿಲ್ಲ. ಹೈಸ್ಕೂಲಿನ ಮಕ್ಕಳು ತರಗತಿಗೆ ಬರುತ್ತಾರೆ, ಊಟದ ಡಬ್ಬಿ ಬಿಚ್ಚುತ್ತಾರೆ, ಪರೀಕ್ಷೆಗೆ ಹೆದರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಒಬ್ಬಳಿಗೆ ಬಿಕ್ಕಳಿಕೆ ಬಂದು ನಿಲ್ಲದಿದ್ದರೆ ಅದೇ ಒಂದು ಕಥೆ. ಇಂಥ ಪುಸ್ತಕ ಹಿಡಿದು ಬಿದ್ದು ಬಿದ್ದು ನಗುವ ಮಗಳನ್ನು ಕಂಡು, 'ಅದರಲ್ಲಿ ಅಂಥದ್ದೇನಿದೆಯೇ?' ಎಂದು ತಾಯಿ ಕೇಳಿದರೆ, 'ಏನೂ ಇಲ್ಲಮ್ಮ, ಸುಮ್ಮನೆ' ಎಂಬ ಉತ್ತರ ಬಂದೀತು. ಅದು ಉಡಾಫೆಯ ಮಾತಲ್ಲ, ಅಕ್ಷರಶಃ ನಿಜ.

ಈ ಬಗೆಗೆ ದಾರಿ ಹಾಕಿಕೊಟ್ಟ ಕೃತಿಗಳಲ್ಲಿ ಕಿಯೋಹಿಕೊ ಅಜುಮ ಅವರ 'ಅಜುಮಾಂಗಾ ದೈಓ' ಮುಖ್ಯವಾದದ್ದು. 1999ರಿಂದ 2002ರವರೆಗೆ 'ದೆಂಗೆಕಿ ದೈಓ' ಎಂಬ ಪತ್ರಿಕೆಯಲ್ಲಿ ಬಂತು. ಹೆಸರಿನ ಅರ್ಥಕ್ಕಾಗಿ ನಿಘಂಟು ತೆರೆಯಬೇಕಾಗಿಲ್ಲ. ಲೇಖಕರ ಹೆಸರು, ಮಾಂಗಾ ಎಂಬ ಪದ, ಪತ್ರಿಕೆಯ ಹೆಸರು, ಈ ಮೂರನ್ನೂ ಸೇರಿಸಿ ಹೊಸೆದದ್ದು, ಅಷ್ಟೆ.

ಪುಟದಲ್ಲಿ ಎರಡು ಸಾಲು, ಒಂದೊಂದರಲ್ಲೂ ಮೇಲಿನಿಂದ ಕೆಳಕ್ಕೆ ನಾಲ್ಕು ಚೌಕ. ಈ ನಾಲ್ಕು ಚೌಕದ ಹಾಸ್ಯ ಜಪಾನಿಗೆ ಹೊಸದಲ್ಲ. ಮಾಚಿಕೊ ಹಸೆಗಾವ ಎಂಬ ಕಲಾವಿದೆ 1946ರಲ್ಲಿ ಆರಂಭಿಸಿದ 'ಸಜಾಎ-ಸಾನ್' ದಿನಪತ್ರಿಕೆಯಲ್ಲಿ 1974ರವರೆಗೂ ಮನೆಮನೆಯನ್ನು ನಗಿಸಿತ್ತು. ಮೊದಲ ಚೌಕ ವಿಷಯ ಎತ್ತುತ್ತದೆ, ಎರಡನೆಯದು ಬೆಳೆಸುತ್ತದೆ, ಮೂರನೆಯದರಲ್ಲಿ ತಿರುವು, ನಾಲ್ಕನೆಯದರಲ್ಲಿ ಮುಕ್ತಾಯ. ಹಳೆಯ ಚೀನೀ ಕವಿತೆಗಳಿಂದ ಬಂದ ಕಟ್ಟು ಅದು. ಅಜುಮ ಅವರ ಜಾಣತನವೆಂದರೆ, ಎಷ್ಟೋ ಸಲ ಕೊನೆಯ ಚೌಕದಲ್ಲಿ ಯಾರೂ ಏನೂ ಹೇಳುವುದಿಲ್ಲ. ಎಲ್ಲರೂ ಪಿಳಿಪಿಳಿ ನೋಡುತ್ತ ನಿಂತಿರುತ್ತಾರೆ. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದು ನಿಂತ ಯಾವ ಮೇಷ್ಟರಿಗೂ ಗುರುತು ಸಿಗುವ ಮೌನ ಅದು.

ಕಥೆಯ ಹುಡುಗಿಯರಲ್ಲಿ ಚಿಯೋಗೆ ಬರೀ ಹತ್ತು ವರ್ಷ. ಮಹಾ ಬುದ್ಧಿವಂತೆಯೆಂದು ನೇರವಾಗಿ ಹೈಸ್ಕೂಲಿಗೇ ಸೇರಿಸಿದ್ದಾರೆ. ಲೆಕ್ಕದಲ್ಲಿ ಮುಂದು, ಓಟದಲ್ಲಿ ಹಿಂದು. ಮಗು ಎರಡು ತರಗತಿ ಹಾರಿದರೆ ಸಾಕು ಎಂದು ಹಂಬಲಿಸುವ ಪೋಷಕರು ಚಿಯೋಳ ಪುಟ್ಟ ಕಾಲುಗಳನ್ನು ಒಮ್ಮೆ ನೋಡಬೇಕು.

ಎಲ್ಲರಿಗಿಂತ ಮನಸ್ಸಿನಲ್ಲಿ ಉಳಿಯುವವಳು ಒಸಾಕ. ನಿಜವಾದ ಹೆಸರು ಅಯುಮು ಕಸುಗ. ಒಸಾಕ ನಗರದವರೆಂದರೆ ಮಾತಿನ ಮಲ್ಲರು, ಚುರುಕು ಬುದ್ಧಿಯವರು ಎಂದು ಜಪಾನಿನಲ್ಲಿ ಪ್ರತೀತಿ. ಅಲ್ಲಿಂದ ಶಾಲೆ ಬದಲಿಸಿ ಬಂದ ಈ ಹುಡುಗಿಗೆ ಗೆಳತಿಯರು ಊರಿನ ಹೆಸರನ್ನೇ ಅಂಟಿಸಿ ತಮಾಷೆಗೆ ಕಾಯುತ್ತಾರೆ. ನೋಡಿದರೆ ಈಕೆ ಮಹಾ ನಿಧಾನಿ. ಪಾಠ ನಡೆಯುತ್ತಿರುವಾಗ ಕಣ್ಣೆದುರು ತೇಲುವ ಪಾರದರ್ಶಕ ಚುಕ್ಕಿಗಳನ್ನೂ ಎಳೆಗಳನ್ನೂ ಹಿಂಬಾಲಿಸುತ್ತ ಮೈಮರೆತಿರುತ್ತಾಳೆ. ಓದುಗರು ನಗುತ್ತಾರೆ. ಆದರೆ ಆ ಚುಕ್ಕಿಗಳು ಸುಳ್ಳಲ್ಲ. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ವಸ್ತುವಿನಲ್ಲಿ ಸಣ್ಣ ಎಳೆಗಳು ತೇಲುತ್ತಿರುತ್ತವೆ. ಅವುಗಳ ನೆರಳು ಅಕ್ಷಿಪಟಲದ ಮೇಲೆ ಬೀಳುತ್ತದೆ. ಹಿಡಿದು ನೋಡೋಣವೆಂದು ಕಣ್ಣು ಹೊರಳಿಸಿದರೆ ಅವೂ ಜೊತೆಗೇ ಜಾರಿಬಿಡುತ್ತವೆ. ಮೋಡವಿಲ್ಲದ ಆಕಾಶವನ್ನೋ ಬಿಳಿಗೋಡೆಯನ್ನೋ ಸ್ವಲ್ಪ ಹೊತ್ತು ದಿಟ್ಟಿಸಿ, ನಿಮಗೂ ಕಂಡಾವು. ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಅಂಕವಿಲ್ಲ, ನಿಜ. ಆದರೂ ತನ್ನ ಕಣ್ಣೊಳಗೇ ನಡೆಯುವುದನ್ನು ಇಷ್ಟು ತಾಳ್ಮೆಯಿಂದ ಗಮನಿಸುವವಳನ್ನು ದಡ್ಡಿಯರ ಪಟ್ಟಿಗೆ ಸೇರಿಸುವುದು ಹೇಗೆ?

ಇನ್ನು ಸಕಾಕಿ. ಎತ್ತರದ ನಿಲುವು, ಮಾತು ಕಡಿಮೆ. ಬಲು ಗಟ್ಟಿಗಿತ್ತಿ ಎಂದು ಎಲ್ಲರೂ ತಿಳಿದಿದ್ದಾರೆ. ಅವಳ ಮನಸ್ಸೆಲ್ಲ ಬೆಕ್ಕಿನ ಮರಿಗಳ ಮೇಲೆ. ದಾರಿಯಲ್ಲಿ ಸಿಗುವ ಬೂದು ಬೆಕ್ಕನ್ನು ಸವರಲು ಕೈಚಾಚಿದರೆ ಅದು ಕಚ್ಚುತ್ತದೆ. ಮರುದಿನ ಮತ್ತೆ ಚಾಚುತ್ತಾಳೆ. ಕೊನೆಗೆ ಒಕಿನಾವದ ಕಡೆಗೆ ಹೋದ ಶಾಲಾ ಪ್ರವಾಸದಲ್ಲಿ ಇರಿಯೊಮೊತೆ ದ್ವೀಪದ ಕಾಡುಬೆಕ್ಕಿನ ಮರಿಯೊಂದು ತಾನಾಗಿಯೇ ಬಳಿಗೆ ಬರುತ್ತದೆ. ಈ ಬೆಕ್ಕು ಆ ದ್ವೀಪದಲ್ಲಲ್ಲದೆ ಬೇರೆಲ್ಲೂ ಇಲ್ಲ. ವಿಜ್ಞಾನಿಗಳು ಇದಕ್ಕೊಂದು ಹೆಸರಿಟ್ಟು ವರ್ಣಿಸಿದ್ದೇ 1967ರಲ್ಲಿ. ಉಳಿದಿರುವುದು ಸುಮಾರು ನೂರು ಎಂದು ಅಂದಾಜು. ಮುಂದೆ ಆ ಮರಿ ಸಮುದ್ರ ದಾಟಿ ಸಕಾಕಿಯನ್ನು ಹುಡುಕಿಕೊಂಡು ಬರುವುದು ಪ್ರಾಣಿಶಾಸ್ತ್ರ ಒಪ್ಪುವ ಸಂಗತಿಯಲ್ಲ. ಅಷ್ಟು ಹೊತ್ತಿಗೆ ಓದುಗರಿಗೆ ಪ್ರಾಣಿಶಾಸ್ತ್ರದ ಚಿಂತೆಯೂ ಉಳಿದಿರುವುದಿಲ್ಲ.

ಏನೂ ನಡೆಯುವುದಿಲ್ಲ ಎಂದೆವಷ್ಟೆ. ಒಂದು ಮಾತ್ರ ನಡೆಯುತ್ತದೆ: ತಿಂಗಳುಗಳು ಸರಿಯುತ್ತವೆ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಚೆರ್ರಿ ಹೂವಿನೊಂದಿಗೆ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಹೈಸ್ಕೂಲು ಒಟ್ಟು ಮೂರು ವರ್ಷ. ಕ್ರೀಡಾಕೂಟ, ಸಾಂಸ್ಕೃತಿಕ ಉತ್ಸವ, ಬೇಸಗೆ ರಜೆ ಎಲ್ಲ ಮೂರೇ ಸಲ. ಅಜುಮ ಅವರ ಅಧ್ಯಾಯಗಳೂ ತಿಂಗಳ ಲೆಕ್ಕದಲ್ಲೇ ಸಾಗುತ್ತವೆ. ಮೂರನೆಯ ವರ್ಷ ಬಂದಾಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಎದುರಿಗೆ ಬಂದು ನಿಲ್ಲುತ್ತದೆ, ನಗು ಅದೇ ಇದ್ದರೂ ಪುಟ ತಿರುಗಿಸುವ ಕೈ ಸ್ವಲ್ಪ ನಿಧಾನವಾಗುತ್ತದೆ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರೂ ಇವನ್ನು ಓದುವುದು ಇದಕ್ಕೇ ಇರಬೇಕು. ಇಂಗ್ಲಿಷ್ ಹೇಳಿಕೊಡುವ ಯುಕಾರಿ ಟೀಚರ್ ಮತ್ತು ಪಿ.ಟಿ. ಟೀಚರ್ ಕುರೊಸಾವ ಒಂದು ಕಾಲದಲ್ಲಿ ಹೈಸ್ಕೂಲಿನ ಸಹಪಾಠಿಗಳು. ಅವರ ಜಗಳ ಇನ್ನೂ ಮುಗಿದಿಲ್ಲ.

ಮೆಚ್ಚದ ಮಾತೂ ಒಂದಿದೆ. ಇದೇ ಪುಸ್ತಕದಲ್ಲಿ ಕಿಮುರ ಎಂಬ ಮೇಷ್ಟರು ಹುಡುಗಿಯರನ್ನು ಕೆಟ್ಟ ದೃಷ್ಟಿಯಿಂದ ನೋಡುವುದನ್ನೇ ನಗೆಯ ವಿಷಯ ಮಾಡಿದ್ದಾರೆ. ಅದು ನಗುವಂಥದ್ದಲ್ಲ. ಅಂಥವರು ತರಗತಿಯಲ್ಲಿದ್ದರೆ ಮಕ್ಕಳು ಮನೆಯಲ್ಲಿ ಹೇಳಬೇಕು, ಹಿರಿಯರು ನಂಬಬೇಕು. ಪುಸ್ತಕವನ್ನು ಬಚ್ಚಿಡುವುದಕ್ಕಿಂತ ಆ ಪುಟವನ್ನು ತೆರೆದಿಟ್ಟು ಮಗಳ ಜೊತೆ ಮಾತಾಡುವುದು ವಾಸಿ.

ಹಾಗೆಯೇ, ಜಪಾನಿನ ಶಾಲೆಗಳೆಲ್ಲ ಹೀಗೆ ನಗುನಗುತ್ತ ಇವೆ ಎಂದು ಭಾವಿಸುವುದೂ ಬೇಡ. ಒಬ್ಬರನ್ನು ಗುಂಪಾಗಿ ಪೀಡಿಸುವ 'ಇಜಿಮೆ' ಅಲ್ಲಿನ ದೊಡ್ಡ ಪಿಡುಗು. ಅದನ್ನು ತಡೆಯಲು 2013ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಬೇಸಗೆ ರಜೆ ಮುಗಿದು ಮತ್ತೆ ಶಾಲೆ ತೆರೆಯುವ ಸೆಪ್ಟೆಂಬರ್ ಆರಂಭವೆಂದರೆ ಅಲ್ಲಿನ ಹಿರಿಯರಿಗೆ ಎದೆ ಡವಗುಟ್ಟುತ್ತದೆ. 2015ರ ಆಗಸ್ಟ್ ಕೊನೆಯಲ್ಲಿ ಕಾಮಾಕುರ ನಗರದ ಕೇಂದ್ರ ಗ್ರಂಥಾಲಯ ಅಂತರ್ಜಾಲದಲ್ಲಿ ನಾಲ್ಕು ಸಾಲು ಬರೆಯಿತು. ಶಾಲೆ ಶುರುವಾಗುವುದೇ ಪ್ರಾಣಸಂಕಟವೆನಿಸುವ ಮಕ್ಕಳು ಅಂದು ಶಾಲೆ ಬಿಟ್ಟು ಗ್ರಂಥಾಲಯಕ್ಕೆ ಬರಲಿ, ಇಲ್ಲಿ ಮಾಂಗಾ ಕೂಡ ಇದೆ, ದಿನವಿಡೀ ಕೂತರೂ ಯಾರೂ ಏನೂ ಅನ್ನುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಮಾತು ದೇಶವೆಲ್ಲ ಹರಡಿತು. ಪಟ್ಟಿಯಲ್ಲಿ ಮಾಂಗಾವನ್ನು ಮರೆಯದೆ ಸೇರಿಸಿದ ಗ್ರಂಥಪಾಲಕರಿಗೆ ಮಕ್ಕಳ ಮನಸ್ಸು ಗೊತ್ತಿತ್ತು.

ಶಾಲೆಗೆ ಹೋಗಲಾರದ ಮಕ್ಕಳ ಜೊತೆಗೆ, ಹೋಗಲೇಬೇಕೆಂದು ಹಂಬಲಿಸುವ ಹುಡುಗಿಯೂ ಈ ಕಥೆಗಳಲ್ಲಿ ಇದ್ದಾಳೆ. ಕೆಇಚಿ ಅರಾವಿ 2006ರಲ್ಲಿ ಆರಂಭಿಸಿದ 'ನಿಚಿಜೊ'ದ ನಾನೊ. 'ನಿಚಿಜೊ' ಎಂದರೆ ದಿನನಿತ್ಯ ಎಂದರ್ಥ. ನಾನೊ ಮನುಷ್ಯಳಲ್ಲ, ಎಂಟು ವರ್ಷದ ಪುಟ್ಟ ವಿಜ್ಞಾನಿಯೊಬ್ಬಳು ತಯಾರಿಸಿದ ಯಂತ್ರ. ಬೆನ್ನಿನಲ್ಲಿ ಗಡಿಯಾರಕ್ಕೆ ಇರುವಂಥ ದೊಡ್ಡದೊಂದು ಕೀಲಿ. ಎಲ್ಲರಂತೆ ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಕೂರಬೇಕು ಎಂಬುದೊಂದೇ ಆಸೆ. ಬಹಳ ದಿನ ಬೇಡಿಕೊಂಡ ಮೇಲೆ ಕಳಿಸುತ್ತಾರೆ. ಕೀಲಿಯನ್ನು ಮುಚ್ಚಿಡಲು ಅವಳು ಪಡುವ ಪಾಡು ಅಷ್ಟಿಷ್ಟಲ್ಲ. ಅದು ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಗೆಳತಿಯರು ಅದನ್ನು ದೊಡ್ಡದು ಮಾಡುವುದಿಲ್ಲ, ಮನೆಗೂ ಬಂದು ಹೋಗುತ್ತಾರೆ. ಆ ಕೀಲಿಗಾಗಿ ನಿದ್ದೆಗೆಡುವವರು ವಿಜ್ಞಾನದ ಟೀಚರ್ ನಕಾಮುರ. ಹೇಗಾದರೂ ನಾನೊಳನ್ನು ಹಿಡಿದು ಪರೀಕ್ಷಿಸಬೇಕೆಂದು ಹೊಂಚುಹಾಕಿ, ಒಡ್ಡಿದ ಬಲೆಗೆ ತಾವೇ ಬೀಳುತ್ತಾರೆ.