ಅಂಗಡಿಯಲ್ಲಿದ್ದ ಸಮಾಧಾನ

ನಂಜನಗೂಡಿನ ಪೇಟೆಯಲ್ಲಿ ದಿನಸಿ ವ್ಯಾಪಾರ ಮಾಡುತ್ತಿದ್ದ ಶ್ರಾವಕರೊಬ್ಬರು, ಕೆಲಸಕ್ಕೆ ಬರುವ ಹುಡುಗರಿಗೆ ತಕ್ಕಡಿ ಹಿಡಿಯುವುದಕ್ಕಿಂತ ಮೊದಲು ಕಿವಿಗೊಡುವುದನ್ನು ಕಲಿಸುತ್ತಿದ್ದರು. ತೂಕ ಕಡಿಮೆಯೆಂದು ಗಿರಾಕಿ ಕೂಗಾಡಿದರೆ ಎದುರುತ್ತರ ಕೊಡಕೂಡದು. ಆತನ ಮಾತು ಮುಗಿಯುವವರೆಗೆ ಕಾದು, ಅದನ್ನೇ ಮೆಲ್ಲಗೆ ತಾನೊಮ್ಮೆ ಹೇಳಿ, ಆಮೇಲೆ ಅವನ ಕಣ್ಣೆದುರಿಗೇ ಮತ್ತೆ ತೂಗಬೇಕು. ಮುಂಗೋಪಿಗಳಾಗಿ ಬಂದ ಹುಡುಗರೂ ಒಂದೆರಡು ವರ್ಷದಲ್ಲಿ ಇದನ್ನು ರೂಢಿಸಿಕೊಂಡರು. ಸಹನೆಯು ಹುಟ್ಟುಗುಣವೆಂಬ ಮಾತು ಅರ್ಧ ಮಾತ್ರ ನಿಜ.

ಇಂಥದನ್ನು ಶಾಲೆಗಳಲ್ಲಿ ಕಲಿಸುವ ಪ್ರಯತ್ನವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 'ಜೀವನ ಕೌಶಲ ಶಿಕ್ಷಣ'ವೆಂಬ ಹೆಸರಿನಲ್ಲಿ ಕೈಗೊಂಡಿತು. ಕಲಿಸುವವರು ತರಬೇತಿ ಪಡೆದ ಶಾಲಾ ಶಿಕ್ಷಕರೇ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಲಾಯಿತು. ಆತ್ಮಗೌರವ, ಕಷ್ಟವನ್ನು ಎದುರಿಸುವ ಶಕ್ತಿ, ಶಿಕ್ಷಕರೊಡನೆ ಹೊಂದಾಣಿಕೆ ಇವು ಮೊದಲ ಗುಂಪಿನಲ್ಲಿ ಮೇಲಾಗಿದ್ದವು. ಮನೆಯವರೊಡನೆ, ಓರಗೆಯವರೊಡನೆ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಸಂಗತಿಯೇ ವಿಚಾರಾರ್ಹವಾದುದು. ಗಿರಾಕಿಗಳೆದುರು ಶಾಂತಮೂರ್ತಿಯಾಗಿದ್ದ ಆ ವ್ಯಾಪಾರಿ, ತಿರುಮಕೂಡಲು ನರಸೀಪುರದಲ್ಲಿ ಬೇರೆ ಅಂಗಡಿ ಇಟ್ಟ ತಮ್ಮನೊಡನೆ ಪಾಲಿನ ಲೆಕ್ಕದ ಕಾರಣ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ನಂಜನಗೂಡನ್ನು ಹಾದ ಕಪಿಲೆಯ ನೀರು ತಮ್ಮನ ಊರಿಗೆ ಹೋಗಿ ಕಾವೇರಿಯನ್ನು ಕೂಡುತ್ತದೆ. ಅಣ್ಣನ ಕಾಗದ ಹೋಗುತ್ತಿರಲಿಲ್ಲ. ಗೊಮ್ಮಟಸಾರವು ಕ್ರೋಧವನ್ನು ಕಲ್ಲಿನ, ಮಣ್ಣಿನ, ಧೂಳಿನ, ನೀರಿನ ಗೆರೆಗಳಿಗೆ ಹೋಲಿಸಿ ನಾಲ್ಕು ತೆರನಾಗಿ ವಿಂಗಡಿಸುತ್ತದೆ. ಗಿರಾಕಿಯ ಮೇಲಿನ ಸಿಟ್ಟು ನೀರಿನ ಗೆರೆ. ಒಡಹುಟ್ಟಿದವನ ಮೇಲಿನದು ಕಲ್ಲಿನದಾಗಿತ್ತು.

ಒಂದು ವರ್ಷ ದಶಲಕ್ಷಣ ಪರ್ವ ಮುಗಿದು, ಕ್ಷಮಾವಣಿಯ ಕಾರ್ಡುಗಳಿಗೆ ವಿಳಾಸ ಬರೆಯುತ್ತಿದ್ದ ಮೊಮ್ಮಗಳು, "ತಾತ, ಚಿಕ್ಕತಾತನ ವಿಳಾಸ ಹೇಳಿ" ಎಂದಳು. ಅಂಗಡಿಯ ಹುಡುಗರೂ ಅಲ್ಲಿಯೇ ಇದ್ದರು. ಅವರಿಗೆ ಉತ್ತರ ಹೊರಡಲಿಲ್ಲ. ಊರಿಗೆಲ್ಲ ಕ್ಷಮೆ ಬೇಡುವ ಕಾರ್ಡು ಅಚ್ಚು ಹಾಕಿಸುವುದು ಸುಲಭ. ನಿಜವಾಗಿ ನೊಂದವನ ಹೆಸರೇ ಪಟ್ಟಿಯಲ್ಲಿರುವುದಿಲ್ಲ.

ಮರುದಿನ ಮಧ್ಯಾಹ್ನ ಅವರು ನರಸೀಪುರದ ಬಸ್ಸು ಹತ್ತಿದರು. ತಮ್ಮನು ಹಳೆಯದನ್ನೆಲ್ಲ ಎತ್ತಿ ಬಹಳ ಹೊತ್ತು ಆಡಿದನು. ಅವುಗಳಲ್ಲಿ ಕೆಲವು ಅನ್ಯಾಯದ ಮಾತುಗಳೇ. ಅಣ್ಣ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ, ಕೇಳಿದ್ದನ್ನು ಮೆಲ್ಲಗೆ ತಾವೊಮ್ಮೆ ಹೇಳಿ, "ಲೆಕ್ಕದ ಪುಸ್ತಕ ತಂದಿದ್ದೇನೆ, ನಿನ್ನೆದುರಿಗೇ ಇನ್ನೊಮ್ಮೆ ನೋಡೋಣ" ಎಂದರು.

ತಮ್ಮ ಪುಸ್ತಕವನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡಿ, "ಮೊದಲು ಊಟಕ್ಕೆ ಏಳಣ್ಣ, ಹೊತ್ತು ಮುಳುಗುತ್ತದೆ" ಎಂದನು.