ಕೆಂಪು ಅಂಗಿಯ ಶನಿವಾರ

ಕುಲದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಹುಟ್ಟಿದ ಮನೆ ಯಾವುದೋ ಆ ಮನೆಯ ದೇವರೇ ತನ್ನ ದೇವರು. ಮುಂದೆ ಎಲ್ಲಿ ನೆಲಸಿದರೂ ಮುಡಿಪು ಸಲ್ಲಬೇಕಾದುದು ಅಲ್ಲಿಗೇ. ಅಮೆರಿಕದ ನಡುನಾಡಾದ ನೆಬ್ರಾಸ್ಕ ಸಂಸ್ಥಾನದವರಿಗೆ ಕಾಲೇಜು ಫುಟ್‌ಬಾಲ್ ತಂಡವೂ ಹೆಚ್ಚುಕಡಿಮೆ ಹೀಗೆಯೇ ಒದಗಿಬರುತ್ತದೆ. ಲಾಸ್ ಏಂಜಲೀಸ್ ನಗರದಲ್ಲಿ ನೆಲಸಿರುವ, ಅರುವತ್ತರ ಅಂಚಿನ ಗೃಹಸ್ಥನೊಬ್ಬ ಶರತ್ಕಾಲದ ಪ್ರತಿ ಶನಿವಾರವೂ ಕೆಂಪು ಅಂಗಿ ತೊಡುವುದು ಈ ಕಾರಣದಿಂದ. ಬಣ್ಣ ಮಾಸಿದ ಅಂಗಿ ಅದು. ಹೆಂಡತಿ ಎರಡು ಬಾರಿ ಅದನ್ನು ಹಳೆಯ ಬಟ್ಟೆಯ ಗಂಟಿಗೆ ಸೇರಿಸಿದ್ದುಂಟು. ಎರಡು ಬಾರಿಯೂ ಆತ ಹೊರಗೆಳೆದದ್ದುಂಟು.

ಆತ ಹುಟ್ಟಿದ್ದು ನೆಬ್ರಾಸ್ಕದ ಪಶ್ಚಿಮದ ತುದಿಯಲ್ಲಿ, ನಾರ್ತ್ ಪ್ಲಾಟ್ ನದಿಯ ಕಣಿವೆಯಲ್ಲಿ, ಸ್ಕಾಟ್ಸ್‌ಬ್ಲಫ್ ಪಟ್ಟಣದ ನೆರೆಯ ಒಂದು ಸಣ್ಣ ಊರಿನಲ್ಲಿ. ಕಾಲುವೆ ನೀರಿನಿಂದ ಸಕ್ಕರೆ ಬೀಟು, ಮುಸುಕಿನ ಜೋಳ ಬೆಳೆಯುವ ಸೀಮೆ. ತಂದೆ ಬೀಟು ಬೆಳೆಯುವ ರೈತರು. ತಂಡದ ನೆಲೆಯಾದ ಲಿಂಕನ್ ನಗರ ಅಲ್ಲಿಂದ ಸುಮಾರು 400 ಮೈಲಿ. ಅಲ್ಲಿಯ ಗಡಿಯಾರಕ್ಕೂ ಇವರ ಗಡಿಯಾರಕ್ಕೂ ಒಂದು ಗಂಟೆಯ ಅಂತರ. ನೆರೆಯ ಕೊಲರಾಡೊ ಸಂಸ್ಥಾನದ ಡೆನ್ವರ್ ಇದರ ಅರ್ಧ ದೂರದಲ್ಲಿದೆ. ವೃತ್ತಿಪರ ಆಟಗಾರರ ಹೆಸರಾಂತ ತಂಡವೂ ಅಲ್ಲುಂಟು. ಮೈಲಿಗಲ್ಲು ನೋಡಿ ಭಕ್ತಿ ಹುಟ್ಟುವುದಾದರೆ ಆ ಮನೆಯವರು ಡೆನ್ವರಿಗೆ ಸಲ್ಲಬೇಕಿತ್ತು. ಸಲ್ಲಲಿಲ್ಲ. ತಂದೆ ಲಿಂಕನ್ನಿನ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರಲ್ಲ. ಆದರೂ ಅಲ್ಲಿಯ ತಂಡದ ಮಾತು ಬಂದರೆ "ನಮ್ಮ ಹುಡುಗರು" ಎನ್ನುತ್ತಿದ್ದರು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮವರು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯ ಮೈಮೇಲೆ ಬಿದ್ದು ಕೆಡಹುವ ಆಟ ಅದು. 1869ರಲ್ಲಿ ರಟ್ಗರ್ಸ್, ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದುದನ್ನು ಅದರ ಮೊದಲ ಪಂದ್ಯವೆಂದು ಎಣಿಸುತ್ತಾರೆ. ಇಂದಿನ ವೃತ್ತಿಪರ ಲೀಗು ಹುಟ್ಟಿದ್ದು 1920ರಲ್ಲಿ. ಆ ತಂಡಗಳು ಕ್ರಮೇಣ ದೊಡ್ಡ ನಗರಗಳನ್ನು ಹುಡುಕಿಕೊಂಡು ಹೋದವು. ನೆಬ್ರಾಸ್ಕ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನರಾದರೋ 2020ರ ಜನಗಣತಿಯಲ್ಲಿಯೂ 20 ಲಕ್ಷಕ್ಕೆ ಕಡಿಮೆ. ಆ ಲೀಗಿನ ತಂಡ ಅಲ್ಲಿಗೆ ಬರಲಿಲ್ಲ. ಇದ್ದುದು ಸಂಸ್ಥಾನದ ವಿಶ್ವವಿದ್ಯಾನಿಲಯವೊಂದೇ. ಸಾರ್ವಜನಿಕ ಭೂಮಿಯ ಉತ್ಪತ್ತಿಯಿಂದ, ರೈತರ ಮತ್ತು ಕೆಲಸಗಾರರ ಮಕ್ಕಳಿಗೆ ವಿದ್ಯೆ ದೊರೆಯಲೆಂದು ಹುಟ್ಟಿಕೊಂಡ ವಿದ್ಯಾಲಯಗಳ ಸಾಲಿಗೆ ಸೇರಿದುದು ಅದು. ಓದದವನೂ ಅದನ್ನು ತನ್ನದೆಂದುಕೊಂಡರೆ ತಪ್ಪೇನು?

ಬಾಬ್ ಡಿವೇನಿ ಎಂಬ ತರಬೇತುದಾರರು ಬಂದ 1962ರಿಂದ ಈ ಅಭಿಮಾನ ಹುಚ್ಚಿನ ಹಂತಕ್ಕೇರಿತು. ಆ ವರ್ಷದ ನವೆಂಬರಿನಿಂದ ಲಿಂಕನ್ನಿನ ಕ್ರೀಡಾಂಗಣದ ಪ್ರತಿ ಪಂದ್ಯಕ್ಕೂ ಟಿಕೆಟ್ಟುಗಳೆಲ್ಲ ಮಾರಾಟವಾಗುತ್ತ ಬಂದಿವೆ. ಸಾಲು 400 ಪಂದ್ಯಗಳನ್ನು ದಾಟಿದೆ. ಪಂದ್ಯದ ಮಧ್ಯಾಹ್ನ ಅದರೊಳಗೆ ಕುಳಿತವರ ಸಂಖ್ಯೆ ಒಮಾಹ, ಲಿಂಕನ್‌ಗಳನ್ನು ಬಿಟ್ಟು ಸಂಸ್ಥಾನದ ಬೇರಾವ ಊರಿನ ಜನಸಂಖ್ಯೆಗಿಂತಲೂ ಹೆಚ್ಚು. ಇನ್ನೊಂದು ಪದ್ಧತಿಯೂ ಅಲ್ಲಿ ಹೆಸರಾಯಿತು: ವಿದ್ಯಾರ್ಥಿವೇತನದ ಆಸೆಯಿಲ್ಲದೆ, ತಾವಾಗಿ ಬಂದು ತಂಡದ ಅಭ್ಯಾಸಕ್ಕೆ ಸೇರುವ ಹಳ್ಳಿಯ ಹುಡುಗರು. ನಾಲ್ಕು ವರ್ಷ ಬೆವರು ಸುರಿಸಿ ಐದು ನಿಮಿಷ ಮೈದಾನಕ್ಕಿಳಿದರೂ ಅವನ ಊರಿಗೆ ಅಂದು ಜಾತ್ರೆ.

ಆಗಿನ ಕಾಲದಲ್ಲಿ ದೂರದರ್ಶನಕ್ಕೆ ಕೆಲವೇ ಪಂದ್ಯಗಳು ಬರುತ್ತಿದ್ದವು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಆ ಕಟ್ಟನ್ನು ಸಡಿಲಿಸಿತು. ಅಲ್ಲಿಯವರೆಗೆ ರೇಡಿಯೋವೇ ಗತಿ. ಪಂದ್ಯಗಳ ಕಾಲವೂ ಬೀಟು ಕೀಳುವ ಕಾಲವೂ ಒಂದೇ. ಲಾರಿಯ ಬಾಗಿಲು ತೆರೆದಿಟ್ಟು, ರೇಡಿಯೋವನ್ನು ಗಟ್ಟಿಯಾಗಿ ಹಾಕಿ, ತಂದೆ ಮಗ ಇಬ್ಬರೂ ಹೊಲದಲ್ಲಿ ದುಡಿಯುತ್ತಿದ್ದರು. ಮಾತು ಕಡಿಮೆಯ ತಂದೆ. ರೇಡಿಯೋ ಇಬ್ಬರ ಪರವಾಗಿಯೂ ಮಾತನಾಡುತ್ತಿತ್ತು.

1984ರ ಜನವರಿ 2ರ ರಾತ್ರಿ ಮಾತ್ರ ಆತನಿಗೆ ಮರೆಯದು. ವರ್ಷವಿಡೀ ಸೋಲರಿಯದ ನೆಬ್ರಾಸ್ಕ ತಂಡ ಅಂದು ಮಿಯಾಮಿಯಲ್ಲಿ ಆಡುತ್ತಿತ್ತು. ಕೊನೆಯ ನಿಮಿಷದಲ್ಲಿ ಅಂಕ 31–30. ಒಂದೇ ಅಂಕದ ಹಿನ್ನಡೆ. ಚೆಂಡನ್ನು ಸುಮ್ಮನೆ ಒದ್ದಿದ್ದರೆ ಪಂದ್ಯ ಸಮವಾಗುತ್ತಿತ್ತು. ರಾಷ್ಟ್ರದ ಅಗ್ರಪಟ್ಟವೂ ಬಹುತೇಕ ಕೈಸೇರುತ್ತಿತ್ತು. ತರಬೇತುದಾರ ಟಾಮ್ ಆಸ್ಬರ್ನ್ ಒದೆಯಲು ಹೇಳಲಿಲ್ಲ. ಗೆಲುವಿಗಾಗಿ ಎರಡು ಅಂಕದ ಪ್ರಯತ್ನಕ್ಕೆ ಕೈಹಾಕಿದರು. ಎಸೆದ ಚೆಂಡು ಎದುರಾಳಿಯ ಬೆರಳಿಗೆ ತಗುಲಿ ನೆಲಕ್ಕೆ ಬಿತ್ತು. ಹದಿಹರೆಯದ ಮಗ "ಎಂಥ ಮೂರ್ಖತನ!" ಎಂದು ಕಿರುಚಿದ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಸಮ ಮಾಡ್ಕೊಂಡು ಬರೋದಕ್ಕೆ ಅಷ್ಟು ದೂರ ಹೋಗಬೇಕಿತ್ತೇನೋ?" ಎಂದರು. ಎದ್ದು ದೀಪವಾರಿಸಿದರು.

ಆ ದಶಕ ರೈತರಿಗೆ ಕೆಟ್ಟ ಕಾಲ. ಬಡ್ಡಿ ಏರಿತ್ತು, ಭೂಮಿಯ ಬೆಲೆ ಕುಸಿಯಿತು. ಸಾಲದ ಹೊಲದಲ್ಲಿ ಇಬ್ಬರ ಬಾಳು ನಡೆಯದೆಂದು ಮಗ ಓದು ಮುಗಿಸಿ ಕ್ಯಾಲಿಫೋರ್ನಿಯಕ್ಕೆ ಹೊರಟುಬಿಟ್ಟ. ತಂದೆ ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆದರೆ ಪ್ರತಿ ಶನಿವಾರ ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ದೂರವಾಣಿ ಬಾರಿಸುತ್ತಿತ್ತು. ಅರ್ಧ ಗಂಟೆ ಆಟದ ಚರ್ಚೆ. ಕೊನೆಗೆ, ಇಡುವ ಮುನ್ನ, ಮಳೆಯ ಸುದ್ದಿ, ತಾಯಿಯ ಮಂಡಿನೋವು, ಮಾರಿಹೋದ ನೆರೆಯ ಹೊಲ. ಹೇಳಬೇಕಾಗಿದ್ದುದು ಆ ಕೊನೆಯ ಎರಡು ನಿಮಿಷವೇ ಎಂಬುದು ಮಗನಿಗೆ ತಿಳಿಯಲು ವರ್ಷಗಳು ಹಿಡಿದವು.

ತಂಡಕ್ಕೆ ಊರೇ ಬೇಕೆಂಬ ನಿಯಮವೇನೂ ಇಲ್ಲ. ಇಂಡಿಯಾನ ಸಂಸ್ಥಾನದ ಸೌತ್ ಬೆಂಡಿನಲ್ಲಿ ನೋಟ್ರ ಡೇಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯವಿದೆ. ಅದರ ತಂಡ 1920ರ ದಶಕದಿಂದ ನ್ಯೂಯಾರ್ಕಿಗೆ ಹೋಗಿ ಸೈನ್ಯದ ಕಾಲೇಜಿನೊಡನೆ ಆಡುತ್ತಿದ್ದಾಗ, ವಲಸೆ ಬಂದ ಐರಿಷರು, ಇಟಾಲಿಯನ್ನರು, ಪೋಲಿಷರು ಸುರಂಗದ ರೈಲು ಹಿಡಿದು ನೋಡಲು ಬರುತ್ತಿದ್ದರು. ಸೌತ್ ಬೆಂಡ್ ಯಾವ ದಿಕ್ಕಿಗಿದೆಯೆಂದು ತಿಳಿಯದವರೂ ಅವರಲ್ಲಿ ಇದ್ದಿರಬೇಕು. ಕ್ಯಾಥೊಲಿಕರೆಂದರೆ ಅನೇಕರು ಮೂಗುಮುರಿಯುತ್ತಿದ್ದ ಕಾಲದಲ್ಲಿ ತಮ್ಮವರು ಗೆಲ್ಲುವುದನ್ನು ಕಾಣಬೇಕಿತ್ತು, ಅಷ್ಟೇ. 'ಸಬ್‌ವೇ ಹಳೆಯ ವಿದ್ಯಾರ್ಥಿಗಳು' ಎಂಬ ಹೆಸರೇ ಅವರಿಗೆ ಬಿತ್ತು. ಊರು ಬಿಟ್ಟುಬಂದವರಿಗೆ ತಂಡವೇ ಊರಾಗಿತ್ತು.

ಈ ಎರಡು ಬಗೆಯ ಭಕ್ತರು ಎದುರುಬದುರಾದದ್ದು 2000ದ ಸೆಪ್ಟೆಂಬರ್ 9ರಂದು, ಸೌತ್ ಬೆಂಡಿನಲ್ಲಿಯೇ. ಆತಿಥೇಯರ ಕಡೆಯ ಎಷ್ಟೋ ಟಿಕೆಟ್ಟುಗಳನ್ನು ನೆಬ್ರಾಸ್ಕದವರು ಹಣ ಸುರಿದು ಕೊಂಡುಬಿಟ್ಟಿದ್ದರು. ಕ್ರೀಡಾಂಗಣದ ತುಂಬ ಎಲ್ಲಿ ನೋಡಿದರೂ ಕೆಂಪು. ಮಗ ಲಾಸ್ ಏಂಜಲೀಸಿನಿಂದ ವಿಮಾನದಲ್ಲಿ ಬಂದ; ತಂದೆ ಊರಿನವರೊಡನೆ ವ್ಯಾನಿನಲ್ಲಿ, ಒಂದು ಹಗಲು ಒಂದು ರಾತ್ರಿ ಕುಳಿತು. ಹೆಚ್ಚುವರಿ ಸಮಯದಲ್ಲಿ ಒಮಾಹದ ಹುಡುಗ ಎರಿಕ್ ಕ್ರೌಚ್ ಚೆಂಡು ಹಿಡಿದು ಗೆರೆ ದಾಟಿದ, 27–24. ತಂದೆ ಮಗನ ಹೆಗಲ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ಅವರಿಬ್ಬರೂ ಒಟ್ಟಿಗೆ ಕುಳಿತು ನೋಡಿದ ಕೊನೆಯ ಪಂದ್ಯ ಅದು.

ತಂದೆ ಹೋದರು; ಹೊಲ ಅನ್ಯರದಾಯಿತು. ಈಗ ಊರಿನಲ್ಲಿ ಆತನ ಹೆಸರಿಗೆ ಒಂದು ಗೇಣು ನೆಲವಿಲ್ಲ. 1962ರಿಂದ 40 ವರ್ಷ ಸೋಲಿಗಿಂತ ಗೆಲುವನ್ನೇ ಹೆಚ್ಚಾಗಿ ಕಂಡ ತಂಡವೂ 2017ರಿಂದ 2023ರವರೆಗೆ ಏಳು ವರ್ಷ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡಿತು. ಗೆಲ್ಲುವ ತಂಡವನ್ನು ಆರಿಸಿಕೊಂಡವನು ಇಂಥಲ್ಲಿ ಜಾರಿಕೊಳ್ಳಬಹುದು. ಆರಿಸಿಕೊಂಡೇ ಇಲ್ಲದವನು ಜಾರುವುದೆಲ್ಲಿಗೆ?

ಮಗಳು ಹುಟ್ಟಿ ಬೆಳೆದದ್ದು ಲಾಸ್ ಏಂಜಲೀಸಿನಲ್ಲಿ. ಓದಲು ಸೇರಿದ್ದು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ. 2024ರಲ್ಲಿ ಆ ತಂಡ ನೆಬ್ರಾಸ್ಕದ ಒಕ್ಕೂಟಕ್ಕೇ ಬಂದು ಸೇರಿತು. ನವೆಂಬರ್ 16ರಂದು ಕೊಲಿಸಿಯಂ ಮೈದಾನದಲ್ಲಿ ಪಂದ್ಯ. ಮಗಳ ಅಂಗಿಯೂ ಕೆಂಪೇ, ಆದರೆ ಆ ವಿದ್ಯಾಲಯದ ಕಡುಗೆಂಪು. ಪಕ್ಕಪಕ್ಕದಲ್ಲಿ ಕುಳಿತು ಬೇರೆಬೇರೆ ಗಳಿಗೆಗಳಲ್ಲಿ ಎದ್ದು ನಿಂತರು. ನೆಬ್ರಾಸ್ಕ 28–20ರಲ್ಲಿ ಸೋತಿತು.

ಕಾರಿನಲ್ಲಿ ಆತ ಮಾತನಾಡಲಿಲ್ಲ. ಮಗಳು ತಂದೆಯ ಅಂಗಿಯ ಸವೆದ ತೋಳನ್ನು ನೋಡುತ್ತ ಕುಳಿತಿದ್ದವಳು, ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಅಪ್ಪಾ, ನಿಮ್ಮೂರಲ್ಲಿ ಈಗ ಎಷ್ಟು ಗಂಟೆ?"

"ಆರಾಗಿರುತ್ತೆ," ಎಂದ ಆತ. ಲಿಂಕನ್ನಿನ ಗಂಟೆಯಲ್ಲ, ಕಣಿವೆಯ ಗಂಟೆ. "ಕತ್ತಲಾಗಿರುತ್ತಮ್ಮ. ಬೀಟು ಕಿತ್ತು ಮುಗಿಸಿರ್ತಾರೆ."